ಗಿರಣಿ ಖಾಲಿ ಓಡಬಾರದು

ಅಪ್ಪ ಹಿಟ್ಟಿನ ಗಿರಣಿ ನಡೆಸುತ್ತಿದ್ದಾಗ ನಮಗಿದ್ದ ಕೆಲಸ ಒಂದೇ. ಕಾಳು ಸುರಿಯುವ ಬಾಯಿ ಬರಿದಾಗದಂತೆ ನೋಡಿಕೊಳ್ಳುವುದು. ಆಟಕ್ಕೆ ಬಿದ್ದು ಮರೆತರೆ ಒಳಗಿಂದ ಕೂಗು ಬರುತ್ತಿತ್ತು: "ಲೇ, ಕಲ್ಲು ಕಲ್ಲನ್ನೇ ತಿಂತಾ ಇದೆ ಕಣ್ರೋ!" ಮೋಟಾರು, ಬೆಲ್ಟು ಅಷ್ಟು ಗದ್ದಲ ಮಾಡುವಾಗ ಕಲ್ಲಿನ ಸದ್ದು ಬದಲಾದದ್ದು ಅಪ್ಪನಿಗೆ ಹೇಗೆ ಕೇಳುತ್ತಿತ್ತೋ ಗೊತ್ತಿಲ್ಲ. ಕಲ್ಲು ಸವೆದರೆ ಖರ್ಚು, ಅದಕ್ಕೇ ಬೈಯುತ್ತಾರೆ ಅಂದುಕೊಂಡಿದ್ದೆವು.

ಬರೀ ಖರ್ಚಿನ ಮಾತಲ್ಲ ಅಂತ ತಿಳಿದದ್ದು ಅಮೆರಿಕದ ಒಂದು ಗಿರಣಿಯ ಕಥೆ ಓದಿದಾಗ. ಮಿನಿಯಾಪೊಲಿಸ್ ಊರಿನಲ್ಲಿ, ಮಿಸಿಸಿಪ್ಪಿ ನದಿಯ ಸೇಂಟ್ ಆಂಥೋನಿ ಜಲಪಾತದ ಪಕ್ಕ, 1874ರಲ್ಲಿ ಕ್ಯಾಡ್‌ವಾಲಡರ್ ವಾಶ್‌ಬರ್ನ್ ಎಂಬುವರು 'ವಾಶ್‌ಬರ್ನ್ ಎ ಮಿಲ್' ಕಟ್ಟಿಸಿದರು. ಓಡಿಸಲು ಕರೆಂಟಿಲ್ಲ, ಬೀಳುವ ನೀರೇ ಬಲ. 1878ರ ಮೇ 2ರ ಸಂಜೆ ಆ ಗಿರಣಿ ಸಿಡಿಯಿತು. ಒಳಗಿದ್ದ ರಾತ್ರಿ ಪಾಳಿಯ 14 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ಬೆಂಕಿ ಅಕ್ಕಪಕ್ಕದ ಗಿರಣಿಗಳಿಗೂ ಹಬ್ಬಿ ಮತ್ತೆ 4 ಜನ ಸತ್ತರು. ಹಗಲು ಪಾಳಿಯವರು ಅದಾಗಲೇ ಮನೆಗೆ ಹೋಗಿದ್ದರು.

ಕಾರಣ ಅಂತ ಆಮೇಲೆ ಹೇಳಿದ್ದು ಇದನ್ನೇ: ಬೀಸುವ ಎರಡು ಕಲ್ಲು ಕಾಳಿಲ್ಲದೆ ಖಾಲಿ ಓಡಿದವು, ಉಜ್ಜಿ ಕಿಡಿ ಹಾರಿತು, ಗಾಳಿಯಲ್ಲಿದ್ದ ಹಿಟ್ಟಿನ ದೂಳು ಹೊತ್ತಿತು.

ಹಿಟ್ಟಿನ ಗುಡ್ಡೆಗೆ ಕಡ್ಡಿ ಗೀರಿ ಇಟ್ಟರೆ ಮೇಲೆ ಕರಕಲಾದೀತು, ಅಷ್ಟೇ. ಅದೇ ಹಿಟ್ಟು ಮುಚ್ಚಿದ ಕೋಣೆಯಲ್ಲಿ ದೂಳಾಗಿ ತೇಲುತ್ತಿದ್ದರೆ ಒಂದೊಂದು ಕಣದ ಸುತ್ತಲೂ ಗಾಳಿ ಇರುತ್ತದೆ. ಬೆಂಕಿ ಕಣದಿಂದ ಕಣಕ್ಕೆ ಕಣ್ಣು ಮಿಟುಕಿಸುವಷ್ಟರಲ್ಲಿ ಹಾರುತ್ತದೆ. ಬಿಸಿಗೆ ಗಾಳಿ ಒಮ್ಮೆಲೇ ಹಿಗ್ಗಿ ಗೋಡೆ ಒಡೆಯುತ್ತದೆ. ನಮ್ಮ ಗಿರಣಿಯಲ್ಲಿ ಕರೆಂಟು ಹೋದಾಗ ಚಿಮಣಿ ದೀಪ ಹಚ್ಚಿ ಕೂರುತ್ತಿದ್ದದ್ದು ನೆನಪಾಗಿ ಮೈ ಜುಮ್ಮೆಂದಿತು. ಕಿಟಕಿ ಬಾಗಿಲು ತೆರೆದಿರುತ್ತಿದ್ದವು, ಪುಣ್ಯ.

1880ರಲ್ಲಿ ಗಿರಣಿಯನ್ನು ಮತ್ತೆ ಕಟ್ಟಿದರು. ದೂಳು ಹಿಡಿಯುವ ಯಂತ್ರ ಬಂತು, ಕಲ್ಲಿನ ಜಾಗಕ್ಕೆ ಉಕ್ಕಿನ ರೋಲರ್ ಬಂತು. ತೌಡು ಬೇರೆ, ಬಿಳಿ ಹಿಟ್ಟು ಬೇರೆ. ಈಗ ನಮ್ಮೂರ ಬೇಕರಿಗೆ ಬರುವ ಮೈದಾ ಕೂಡ ರೋಲರ್ ಗಿರಣಿಯದ್ದೇ. ಮರುವರ್ಷ ನದಿಯಾಚೆ ಪಿಲ್ಸ್‌ಬರಿಯವರ ಗಿರಣಿ ಏಳುವ ತನಕ ಜಗತ್ತಿನಲ್ಲಿ ಇದೇ ದೊಡ್ಡದು. 1965ರಲ್ಲಿ ಬಾಗಿಲು ಹಾಕಿತು. 1991ರಲ್ಲಿ ಪಾಳು ಕಟ್ಟಡಕ್ಕೆ ಮತ್ತೆ ಬೆಂಕಿ ಬಿತ್ತು.

ಅಲ್ಲಿಗೆ ಕಥೆ ಮುಗಿಯಬೇಕಿತ್ತು. ಆದರೆ ಅವರು ಕೆಡವಲಿಲ್ಲ. ಸುಟ್ಟ ಗೋಡೆಗಳನ್ನು ಹಾಗೇ ನಿಲ್ಲಿಸಿ, ಅದರೊಳಗೆ ಗಾಜಿನ ಹೊಸ ಕಟ್ಟಡ ಎಬ್ಬಿಸಿ, 2003ರಲ್ಲಿ ಮಿಲ್ ಸಿಟಿ ಮ್ಯೂಸಿಯಂ ತೆರೆದರು. ನಡೆಸುವುದು ಮಿನೆಸೋಟ ಹಿಸ್ಟಾರಿಕಲ್ ಸೊಸೈಟಿ. ಒಳಗೆ ರೊಟ್ಟಿ ಬೇಯಿಸಿ ತೋರಿಸುವ ಅಡುಗೆಮನೆಯೂ ಇದೆ. ನಮಗೆ ಹಿಡಿಸಿದ್ದು ಲಿಫ್ಟು. ಸಾಮಾನು ಸಾಗಿಸುವಂಥ ದೊಡ್ಡ ಲಿಫ್ಟಿನಲ್ಲಿ ಜನರನ್ನು ಕೂರಿಸಿ ಎಂಟು ಅಂತಸ್ತು ಏರಿಸುತ್ತಾರೆ. ಅಲ್ಲಲ್ಲಿ ಬಾಗಿಲು ತೆರೆದರೆ ಯಂತ್ರಗಳು, ಜೊತೆಗೆ ಅಲ್ಲಿ ದುಡಿದವರ ದನಿ. ಧಣಿಗಳ ಮಾತಲ್ಲ, ಕೂಲಿಯವರದ್ದು.

ನಮ್ಮ ಗಿರಣಿಯ ಶೆಡ್ಡಿನಲ್ಲಿ ಈಗ ಗೊಬ್ಬರದ ಚೀಲ ಪೇರಿಸಿದ್ದಾರೆ. ಕಲ್ಲುಗಳು ಹಿತ್ತಲಲ್ಲಿವೆ, ಒಂದರ ಮೇಲೆ ಅಮ್ಮ ಪಾತ್ರೆ ಬೋರಲು ಹಾಕುತ್ತಾಳೆ. ಅದಕ್ಕೆ ಬೇಸರವಿಲ್ಲ. ಬರ, ಬೆಳೆಹಾನಿ, ಗ್ರಾಮಸಭೆ ಅಂತ ಇಷ್ಟು ವರ್ಷ ಊರೂರು ಸುತ್ತಿ ಕಂಡವರ ಮಾತೆಲ್ಲ ರೆಕಾರ್ಡ್ ಮಾಡಿದೆವು. ಅಪ್ಪನ ದನಿ ಮಾತ್ರ ನಮ್ಮ ಯಾವ ಫೋನಿನಲ್ಲೂ ಇಲ್ಲ. ಅವರು ಹೋಗಿ ನಾಲ್ಕು ವರ್ಷವಾಯಿತು.

ಪಕ್ಕದ ಊರಲ್ಲಿ ಇನ್ನೂ ಒಂದು ಕಲ್ಲಿನ ಗಿರಣಿ ಓಡುತ್ತಿದೆ. ಮೊನ್ನೆ ಐದು ಸೇರು ರಾಗಿ ಹೊತ್ತು ಹೋದೆವು. ಯಜಮಾನರಿಗೆ ಕಿವಿ ಮಂದ. ಫೋನು ಹತ್ತಿರ ಹಿಡಿದು, "ಕಲ್ಲು ಖಾಲಿಯಾದ್ರೆ ಹೇಗೆ ಗೊತ್ತಾಗುತ್ತೆ ಅಣ್ಣಾ?" ಅಂತ ಎರಡು ಸಲ ಕೂಗಿ ಕೇಳಿದೆವು.

"ಕಿವಿಯಿಂದ ಅಲ್ಲಪ್ಪ, ಪಾದಕ್ಕೆ ಗೊತ್ತಾಗುತ್ತೆ, ನೆಲ ನಡುಗೋದರಲ್ಲಿ," ಅಂದರು. "ಮೊದಲು ರಾಗಿ ಸುರಿ."

ನಲವತ್ತು ನಿಮಿಷದ ರೆಕಾರ್ಡಿಂಗ್ ಇದೆ. ಮುಕ್ಕಾಲು ಪಾಲು ಮೋಟಾರಿನ ಸದ್ದೇ.