ವೇಗವೋ, ಭರವಸೆಯೋ?

ಕಳೆದ ದಸರೆಯ ಸಮಯದಲ್ಲಿ ನಮ್ಮ ಮಗನು ಅಮೆರಿಕೆಯಿಂದ ದೂರವಾಣಿ ಮಾಡಿ, ಮೊಮ್ಮಗನಿಗೆ ನಾಲ್ಕು ಬುದ್ಧಿಮಾತು ಹೇಳಬೇಕೆಂದು ಕೇಳಿಕೊಂಡನು. ಹತ್ತೊಂಬತ್ತರ ಹರೆಯದ ಆ ಹುಡುಗ, ತಾನೇ ಉಳಿಸಿದ ಹಣದಿಂದ ಹಳೆಯ ಸ್ಪೋರ್ಟ್ಸ್ ಕಾರೊಂದನ್ನು ಕೊಳ್ಳಲು ಹೊರಟಿದ್ದನು. ನೋಡಿಟ್ಟಿದ್ದವು ಎರಡು, ಎರಡೂ ಜಪಾನಿನ ಮಾಜ್ದಾ ಕಾರುಗಳೇ. ಒಂದು ಆರ್‌ಎಕ್ಸ್-8. ಅದರ ಎಂಜಿನ್ನಿನಲ್ಲಿ ಮೇಲೆ ಕೆಳಗೆ ಆಡುವ ಪಿಸ್ಟನ್ನುಗಳಿಲ್ಲ; ತ್ರಿಕೋನಾಕಾರದ ರೋಟರುಗಳು ಸುತ್ತುತ್ತವೆ, ನಿಮಿಷಕ್ಕೆ 9,000 ಸುತ್ತಿನವರೆಗೆ ಏರಬಲ್ಲುದು. ಆದರೆ ಎಂಜಿನ್ ಎಣ್ಣೆಯನ್ನು ಸ್ವಲ್ಪ ಸ್ವಲ್ಪವಾಗಿ ಸುಡುವುದು ಅದರ ವಿನ್ಯಾಸದಲ್ಲೇ ಇದೆ. ಹಳೆಯದನ್ನು ಕೊಳ್ಳುವವರು ಎಂಜಿನ್ನನ್ನು ಪರೀಕ್ಷೆ ಮಾಡಿಸದೆ ಕೊಳ್ಳಲಾಗದು. ಇನ್ನೊಂದು, 1989ರಿಂದಲೂ ತಯಾರಾಗುತ್ತಿರುವ ಎಂಎಕ್ಸ್-5. ಬಲ ಕಡಿಮೆ, ರಚನೆ ಸರಳ. "ಎರಡನೆಯದನ್ನೇ ಕೊಳ್ಳಲು ಹೇಳಿ ಅಪ್ಪಾ, ನಿಮ್ಮ ಮಾತನ್ನಾದರೆ ಕೇಳುತ್ತಾನೆ" ಎಂದನು ಮಗ.

ಒಡನೆ ಉತ್ತರ ಕೊಡಲು ನಮ್ಮಿಂದಾಗಲಿಲ್ಲ. ಏಕೆಂದರೆ 1991ರಲ್ಲಿ ಇದೇ ವಿಷಯದಲ್ಲಿ ಇದೇ ಮಗನಿಗೆ ನಾವು ಬುದ್ಧಿ ಹೇಳಿದ್ದೆವು; ಹೇಳುವಾಗ ಒಂದು ಸಂಗತಿಯನ್ನು ಮುಚ್ಚಿಟ್ಟಿದ್ದೆವು.

ಆಗ ನಮ್ಮ ವಾಸ ಧರ್ಮಪುರಿಯಲ್ಲಿ. ಉಪಾಧ್ಯಾಯ ವೃತ್ತಿ ಪೆನ್ನಾಗರಂ ಕಡೆಯ ಶಾಲೆಯೊಂದರಲ್ಲಿ. ತಾಯಿಯವರು ಸೇಲಂನ ಅಮ್ಮಾಪೇಟೆಯ ಹಳೆಯ ಮನೆಯನ್ನೂ ಅಲ್ಲಿಯ ಮಗ್ಗದ ಸದ್ದನ್ನೂ ಬಿಟ್ಟು ಬರಲೊಪ್ಪಿರಲಿಲ್ಲ. ವಾರಕ್ಕೊಮ್ಮೆಯಾದರೂ ಅವರನ್ನು ನೋಡಿಬರಲು ಒಂದು ಗಾಡಿ ಬೇಕಾಯಿತು. ಸೇಲಂನ ಮೆಕ್ಯಾನಿಕ್ಕರೊಬ್ಬರ ಅಂಗಳದಲ್ಲಿ ಎರಡು ಹಳೆಯ ಮೋಟಾರ್ ಸೈಕಲ್ಲುಗಳು ಮಾರಾಟಕ್ಕೆ ನಿಂತಿದ್ದವು. ಒಂದು ರಾಜದೂತ್ 350, ಇನ್ನೊಂದು ಯೆಜ್ಡಿ.

ರಾಜದೂತ್ 350 ಯಮಾಹಾ ವಿನ್ಯಾಸದ ಗಾಡಿ. 1983ರಲ್ಲಿ ನಮ್ಮ ದೇಶದಲ್ಲಿ ಮಾರಾಟಕ್ಕೆ ಬಂದಿತ್ತು. ಎರಡು ಸಿಲಿಂಡರು, ಮೊದಲ ಮಾದರಿಗೆ 30 ಅಶ್ವಶಕ್ತಿಗೂ ಮಿಕ್ಕ ಬಲ. ಜಪಾನಿನಲ್ಲಿ ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕ್ ಇದ್ದರೆ, ಇಲ್ಲಿ ತಯಾರಾದುದಕ್ಕೆ ಡ್ರಮ್ ಬ್ರೇಕ್. ಯೆಜ್ಡಿಯೋ, 1961ರಲ್ಲಿ ಮೈಸೂರಿನ ಯಾದವಗಿರಿಯಲ್ಲಿ ಆರಂಭವಾದ ಐಡಿಯಲ್ ಜಾವಾ ಕಾರ್ಖಾನೆಯ ಕೂಸು. 250 ಸಿಸಿಯ ಒಂದೇ ಸಿಲಿಂಡರು, ಎರಡು ಹೊಗೆಕೊಳವೆ. ಕಿಕ್ ಕೊಡುವ ದಂಡವೇ ಗೇರ್ ಬದಲಿಸುವ ದಂಡ. ಅದಕ್ಕೂ ಡ್ರಮ್ ಬ್ರೇಕೇ. ಆದರೆ ಅದರ ಓಟಕ್ಕೆ ಅಷ್ಟು ಸಾಕಿತ್ತು.

ಮಗನು ರಾಜದೂತನ್ನೇ ಹಟ ಹಿಡಿದನು. ನಾವು ತರಗತಿಯಲ್ಲಿ ನಿಂತವರಂತೆ ಕಾರಣಗಳನ್ನು ಒಂದೊಂದಾಗಿ ಹೇಳಿದೆವು: ಪೆಟ್ರೋಲಿನ ಖರ್ಚು, ಬಿಡಿಭಾಗಗಳ ಬೆಲೆ, ಎಲ್ಲಕ್ಕೂ ಮಿಗಿಲಾಗಿ ತೊಪ್ಪೂರು ಘಾಟಿ. ಧರ್ಮಪುರಿಯಿಂದ ಸೇಲಂಗೆ ಹೋಗುವವರಿಗೆ ಆ ಘಾಟಿ ಉದ್ದಕ್ಕೂ ಇಳಿಜಾರು. ಭಾರ ಹೊತ್ತ ಲಾರಿಗಳು ಅಲ್ಲಿ ಹತೋಟಿ ತಪ್ಪುವುದನ್ನು ನಮ್ಮ ಎರಡೂ ಜಿಲ್ಲೆಗಳ ಜನರು ಬಲ್ಲರು. ಯೆಜ್ಡಿಯನ್ನೇ ಕೊಂಡೆವು. ಮೈಸೂರಿನ ಗಾಡಿಯೆಂಬ ಅಭಿಮಾನವೂ ತಕ್ಕಡಿಯಲ್ಲಿ ಕುಳಿತಿತ್ತೆಂದು ಈ ಸಂಚಿಕೆಯಲ್ಲಿ ಒಪ್ಪಿಕೊಳ್ಳಲು ಸಂಕೋಚವಿಲ್ಲ. ಮಗನು ಒಂದು ತಿಂಗಳು ಅದರ ಮೇಲೆ ಕೂರಲಿಲ್ಲ; ಬಸ್ಸಿನಲ್ಲೇ ಓಡಾಡಿದನು.

ಎರಡು ವರ್ಷಗಳ ಅನಂತರ, ಕಾರ್ತಿಕದ ಮಳೆಯ ಒಂದು ರಾತ್ರಿ, ತಾಯಿಯವರಿಗೆ ಉಸಿರಾಟ ಕಷ್ಟವಾಗಿದೆಯೆಂದು ನೆರೆಯವರಿಂದ ಸುದ್ದಿ ಬಂದಿತು. ಮಗನನ್ನು ಹಿಂದೆ ಕೂರಿಸಿಕೊಂಡು ಹೊರಟೆವು. ತೊಪ್ಪೂರಿನ ಇಳಿಜಾರಿನಲ್ಲಿ ನಮ್ಮ ವೇಗವನ್ನು ಗೊತ್ತುಮಾಡಿದುದು ಎಂಜಿನ್ನಲ್ಲ, ಮುಂದೆ ತೆವಳುತ್ತಿದ್ದ ಲಾರಿಯ ಕೆಂಪು ದೀಪ. ಘಾಟಿ ಮುಗಿಯುತ್ತಲೇ ಗಾಡಿ ನಿಂತುಹೋಯಿತು. ಎಣ್ಣೆ ಬೆರೆಸಿದ ಪೆಟ್ರೋಲಿನಲ್ಲಿ ಓಡುವ ಎರಡು ಸ್ಟ್ರೋಕಿನ ಎಂಜಿನ್ನುಗಳು ಬಹಳ ಹೊತ್ತು ನಿಧಾನವಾಗಿ ಇಳಿದರೆ ಪ್ಲಗ್ಗಿಗೆ ಮಸಿ ಹಿಡಿಯುವುದು ಸಹಜ. ಮುಚ್ಚಿದ ಚಹದಂಗಡಿಯೊಂದರ ತಗಡಿನ ಸೂರಿನಡಿ ಮಗನು ಟಾರ್ಚ್ ಹಿಡಿದನು. ನಾವು ಪ್ಲಗ್ ಬಿಚ್ಚಿ, ಮರಳುಕಾಗದದಿಂದ ಉಜ್ಜಿ, ಪಂಚೆಯ ಅಂಚಿನಿಂದ ಒರೆಸಿ ಮತ್ತೆ ಕೂರಿಸಿದೆವು. ಎರಡನೆಯ ಕಿಕ್ಕಿಗೆ ಹೊತ್ತಿಕೊಂಡಿತು. ಓಮಲೂರು ದಾಟಿ ಅಮ್ಮಾಪೇಟೆ ಸೇರಿ, ತಾಯಿಯವರನ್ನು ಆಸ್ಪತ್ರೆಗೆ ಸೇರಿಸುವಾಗ ನಡುರಾತ್ರಿ. ಆಮೇಲೆ ಅವರು ಆರು ವರ್ಷ ನಮ್ಮೊಡನಿದ್ದರು.

ಅಂದು ನಮಗೆ ಹೊಳೆದುದು ಇಷ್ಟು: ಭರವಸೆಯ ಗಾಡಿಯೆಂದರೆ ಎಂದೂ ಕೆಡದ ಗಾಡಿಯಲ್ಲ, ಕೆಟ್ಟಾಗ ನಮ್ಮ ಕೈಗೂ ನಮ್ಮ ಜೇಬಿಗೂ ಎಟುಕುವ ಗಾಡಿ. ನೇಯ್ಗೆಯವರ ಮನೆಯಲ್ಲಿ ಬೆಳೆದ ನಮಗೆ ಇದು ಹೊಸತಾಗಿರಬಾರದಿತ್ತು. ಎಳೆ ಕಡಿಯದ ಮಗ್ಗವಿಲ್ಲ. ಕಡಿದ ಎಳೆಯನ್ನು ಹುರಿಮಾಡಿ ಸೇರಿಸುವ ಬೆರಳಿದ್ದರೆ ಸೀರೆ ಮುಗಿಯುತ್ತದೆ.

ಇನ್ನು ಮುಚ್ಚಿಟ್ಟ ಸಂಗತಿ. ಯೆಜ್ಡಿಗೆ ಮುಂಗಡ ಕೊಡುವ ಹಿಂದಿನ ದಿನ ನಾವೊಬ್ಬರೇ ಹೋಗಿ ಆ ರಾಜದೂತನ್ನು ಅಸ್ತಂಪಟ್ಟಿಯಿಂದ ಏರ್ಕಾಡು ಬೆಟ್ಟದ ತಪ್ಪಲಿನವರೆಗೆ ಓಡಿಸಿದ್ದೆವು. ನಲವತ್ತು ದಾಟಿದ, ಇಬ್ಬರು ಮಕ್ಕಳ ತಂದೆಯಾದ ನಾವು ಆ ಗಾಳಿಯಲ್ಲಿ ಗಟ್ಟಿಯಾಗಿ ನಕ್ಕಿದ್ದೆವು. ಅಷ್ಟು ಸುಖ ಪಟ್ಟು, ಮನೆಗೆ ಬಂದು, ಅಂತಹ ಗಾಡಿಯನ್ನು ಬಯಸುವುದೇ ಅವಿವೇಕವೆಂಬಂತೆ ಮಗನೆದುರು ಪಾಠ ಮಾಡಿದೆವು. ತೀರ್ಮಾನ ತಪ್ಪಾಗಿರಲಿಲ್ಲ, ಪಾಠ ಪ್ರಾಮಾಣಿಕವಾಗಿರಲಿಲ್ಲ.

ಈ ದಸರೆಯಲ್ಲಿ ಮೂವತ್ತು ವರ್ಷ ಮೀರಿದ ಆ ಮಾತನ್ನು ದೂರವಾಣಿಯಲ್ಲೇ ಮಗನಿಗೆ ಹೇಳಿದೆವು. ಅತ್ತಲಿಂದ ತುಸು ಹೊತ್ತು ಸದ್ದಿಲ್ಲ. ಅನಂತರ, "ಅಂದೇ ಹೇಳಿದ್ದರೆ ನಾನು ಅಷ್ಟು ದಿನ ಬಸ್ಸಿನಲ್ಲಿ ಓಡಾಡುತ್ತಿರಲಿಲ್ಲ ಅಪ್ಪಾ" ಎಂದು ನಕ್ಕನು.

ಮೊಮ್ಮಗನಿಗೆ ನಾವು ಇದನ್ನು ಕೊಳ್ಳು, ಅದನ್ನು ಬಿಡು ಎನ್ನಲಿಲ್ಲ. ಕೆಟ್ಟರೆ ದುರಸ್ತಿ ಮಾಡಬಲ್ಲವರು ನಿನ್ನೂರಿನಲ್ಲಿ ಇದ್ದಾರೆಯೇ, ಕೊಂಡ ಮೇಲೂ ಕೈಯಲ್ಲಿ ಹಣ ಉಳಿಯುತ್ತದೆಯೇ, ದಿನವೂ ಹೋಗುವ ದಾರಿ ಎಂತಹುದು ಎಂದು ಮೂರು ಪ್ರಶ್ನೆ ಕೇಳಿದೆವು. ಎರಡನ್ನೂ ಓಡಿಸಿ ನೋಡು, ಆದ ಸುಖವನ್ನು ನಿನ್ನ ತಂದೆಗೆ ಮರೆಮಾಚದೆ ಹೇಳು, ಆಮೇಲೆ ನೀನೇ ತೀರ್ಮಾನಿಸು ಎಂದೆವು.

ಹದಿನೈದು ದಿನಗಳ ಬಳಿಕ ಅವನು ಕೊಂಡದ್ದು ಎಂಎಕ್ಸ್-5. ಅದರಲ್ಲಿರುವುದು ಎರಡೇ ಆಸನ. ಮೊದಲ ದಿನ ಎರಡನೆಯ ಆಸನದಲ್ಲಿ ಕುಳಿತವನು ನಮ್ಮ ಮಗ.