ಕಿವಿಯ ವಿದ್ಯೆ

ಕಾಸರಗೋಡಿನ ಪೇಟೆಯಿಂದ ತುಸು ದೂರದಲ್ಲಿ ಹೆಂಚಿನ ಮಾಡಿನ ಗ್ಯಾರೇಜೊಂದಿದೆ. ಅದರ ಯಜಮಾನರಿಗೆ ಎಪ್ಪತ್ತು ದಾಟಿದೆ. ಊರವರಿಗೆಲ್ಲ ಅವರು ಮೇಸ್ತ್ರಿಗಳು. ಕಳೆದ ಮಳೆಗಾಲ ಮುಗಿದ ಮೇಲೆ ಅಲ್ಲಿಗೆ ಹಳೆಯ ಎಂಜಿಬಿ ಕಾರೊಂದು ದುರಸ್ತಿಗೆ ಬಂದಿತು. ಇಂಗ್ಲೆಂಡಿನ ಆಬಿಂಗ್ಡನ್ ಪಟ್ಟಣದಲ್ಲಿ 1962ರಿಂದ 1980ರವರೆಗೆ ತಯಾರಾದ ಮಾದರಿಯದು. 1798 ಸಿಸಿಯ ನಾಲ್ಕು ಸಿಲಿಂಡರಿನ ಎಂಜಿನ್. ಮುಂದಿನ ಎರಡಕ್ಕೆ ಒಂದು, ಹಿಂದಿನ ಎರಡಕ್ಕೆ ಒಂದು ಎಂಬಂತೆ ಜೋಡಿ ಎಸ್‌ಯು ಕಾರ್ಬ್ಯುರೇಟರುಗಳು.

ಕಾರು ನಿಂತಲ್ಲೇ ನಡುಗುತ್ತಿತ್ತು, ಏರಿನಲ್ಲಿ ತಡವರಿಸುತ್ತಿತ್ತು. ಇಂತಹ ರೋಗಕ್ಕೆ ಮೇಸ್ತ್ರಿಗಳು ನಂಬಿದ್ದ ಉಪಕರಣ ಒಂದು ಮೊಳದುದ್ದದ ರಬ್ಬರ್ ಕೊಳವೆ. ಅದರ ಒಂದು ತುದಿ ಕಾರ್ಬ್ಯುರೇಟರಿನ ಬಾಯಿಗೆ, ಇನ್ನೊಂದು ಕಿವಿಗೆ. ಆದರೆ ಎರಡು ವರ್ಷಗಳಿಂದ ಅವರ ಕಿವಿ ಮಂದವಾಗುತ್ತ ಬಂದಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ. ಅಂದು ಕೊಳವೆಯನ್ನು ಎರಡೂ ಕಡೆ ಹಿಡಿದು ನೋಡಿ, ಸ್ವಲ್ಪ ಹೊತ್ತು ಸುಮ್ಮನೆ ಕುಳಿತರು. ಬಳಿಕ ಕನ್ನಡ ಮಾಧ್ಯಮದಲ್ಲಿ ಒಂಬತ್ತನೆಯ ತರಗತಿ ಓದುತ್ತಿದ್ದ ಮೊಮ್ಮಗನನ್ನು ಕರೆದು, ಕೊಳವೆಯನ್ನು ಅವನ ಕೈಗಿತ್ತರು.

ವಾಲ್ವಿನ ಅಂತರ, ಪ್ಲಗ್ಗು, ಪಾಯಿಂಟು, ಇಗ್ನಿಷನ್ ಟೈಮಿಂಗ್ ಇವು ಸರಿಯಿಲ್ಲದೆ ಕಾರ್ಬ್ಯುರೇಟರನ್ನು ಮುಟ್ಟಿ ಫಲವಿಲ್ಲ. ಮೇಸ್ತ್ರಿಗಳು ಮೊದಲು ಅವನ್ನು ನೋಡಿದರು. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಏರ್ ಫಿಲ್ಟರುಗಳನ್ನು ಕಳಚಿ, ಎರಡು ಥ್ರಾಟಲುಗಳನ್ನು ಕೂಡಿಸುವ ಸರಳಿನ ಬೋಲ್ಟುಗಳನ್ನು ಸಡಿಲಿಸಿದರು. ಕೂಡಿಕೊಂಡಿರುವಾಗ ಒಂದರ ತಪ್ಪು ಇನ್ನೊಂದರ ತಲೆಗೆ ಬರುತ್ತದೆ. ಎರಡೂ ಕಡೆಯ ಅಹವಾಲನ್ನು ಪ್ರತ್ಯೇಕವಾಗಿಯೇ ಕೇಳಬೇಕು.

“ಎಂತ ಕೇಳ್ತದೆ ಮಗಾ?”

“ಎರಡರಲ್ಲೂ ಬುಸ್ ಅಂತದೆ ಅಜ್ಜ. ಹಿಂದಿನದ್ದು ಜೋರುಂಟು.”

ಜೋರಾದದ್ದು ಹೆಚ್ಚು ಗಾಳಿ ಎಳೆಯುತ್ತಿದೆಯೆಂದು ಅರ್ಥ. ಅದರ ಸ್ಕ್ರೂವನ್ನು ತುಸು ಸಡಿಲಿಸಿ, ಮುಂದಿನದನ್ನು ತುಸು ಬಿಗಿದರು. ನಾಲ್ಕನೆಯ ಸಲಕ್ಕೆ ಹುಡುಗ, ಎರಡೂ ಒಂದೇ ಎಂದನು. ಮೇಸ್ತ್ರಿಗಳು ಇನ್ನೊಮ್ಮೆ ಕೇಳಿಸಿದರು.

ಗಾಳಿಯಾದ ಮೇಲೆ ಪೆಟ್ರೋಲು. ತಳದ ಆರು ಮುಖಗಳ ನಟ್ಟನ್ನು ಮೇಲೇರಿಸಿದರೆ ಪೆಟ್ರೋಲು ಕಡಿಮೆ, ಕೆಳಗಿಳಿಸಿದರೆ ಹೆಚ್ಚು. ಒಮ್ಮೆಗೆ ಒಂದೇ ಮುಖ. ಒಳಗಿನ ಪಿಸ್ಟನ್ನನ್ನು ಒಂದು ಮಿಲಿಮೀಟರಿಗಿಂತಲೂ ಕಡಿಮೆ ಎತ್ತಿದಾಗ ಎಂಜಿನ್ನಿನ ವೇಗ ಏರಿ ಹಾಗೆಯೇ ಉಳಿದರೆ ಪೆಟ್ರೋಲು ಹೆಚ್ಚಾಗಿದೆ. ಎಂಜಿನ್ ನಿಲ್ಲಹೊರಟರೆ ಕಡಿಮೆಯಾಗಿದೆ. ಕ್ಷಣಕಾಲ ಏರಿ ಮೊದಲಿನಂತಾದರೆ ಸರಿಯಾಗಿದೆ.

ನಡುವೆ ಮೇಸ್ತ್ರಿಗಳು ಎಸ್‌ಯು ಎಂಬ ಹೆಸರಿನ ಕತೆ ಹೇಳಿದರು. ಅದು ಸ್ಕಿನ್ನರ್ ಯೂನಿಯನ್ ಎಂಬುದರ ಸಂಕ್ಷೇಪ. ಸ್ಕಿನ್ನರ್ ಸಹೋದರರದ್ದು ಪಾದರಕ್ಷೆಯ ವ್ಯಾಪಾರದ ಮನೆತನ. ಅವರ ಮೊದಲ ಕಾರ್ಬ್ಯುರೇಟರುಗಳಲ್ಲಿ ಪಿಸ್ಟನ್ ಇರಲಿಲ್ಲ, ಚರ್ಮದ ತಿದಿಯಿತ್ತು. ಕಮ್ಮಾರನ ತಿದಿಯನ್ನು ಕಂಡಿದ್ದ ಹುಡುಗನಿಗೆ ಬುಸ್ಸೆನ್ನುವ ಸದ್ದಿನ ಮರ್ಮ ಆಗ ಹೊಳೆಯಿತು.

ಸಂಜೆಗೆ ಸರಳನ್ನು ಬಿಗಿದು, ಎರಡೂ ಥ್ರಾಟಲುಗಳು ಒಟ್ಟಿಗೆ ತೆರೆಯುವುದನ್ನು ನೋಡಿಕೊಂಡರು. ಮೇಸ್ತ್ರಿಗಳು ಮಡ್‌ಗಾರ್ಡಿನ ಮೇಲೆ ಅಂಗೈಯಿಟ್ಟರು. ನಡುಕ ನಿಂತಿತ್ತು.

“ನನಗೆ ಸರಿಯಾಗಿ ಕೇಳುವುದಿಲ್ಲ ಮಗಾ. ಇನ್ನು ನೀನೇ ಕೇಳಿ ಹೇಳಬೇಕು.”

ಹುಡುಗ ಒಡನೆಯೇ ಏನೂ ಹೇಳಲಿಲ್ಲ. ಕೊಳವೆಯನ್ನು ಬಟ್ಟೆಯಿಂದ ಒರೆಸಿ, ಗೋಡೆಯ ಮೊಳೆಗೆ ನೇತುಹಾಕಿದನು.

“ನಾಳೆ ಶಾಲೆಗೆ ರಜೆ, ಅಜ್ಜ. ಬೆಳಗ್ಗೆಯೇ ಬರ್ತೇನೆ” ಎಂದನು.