ಅಳತೆ ಪುಸ್ತಕ

ಚಿಕ್ಕಮ್ಮನಿಗೆ ಪೆಟ್ಟಾಗಿದ್ದು ಎಡಗೈ ಮಣಿಕಟ್ಟಿಗೆ. ಆಪ್‌ನಲ್ಲಿ ಬುಕ್ ಮಾಡಿದ ಟ್ಯಾಕ್ಸಿ ಮೈಸೂರು ರಸ್ತೆಯಲ್ಲಿ ಮುಂದಿದ್ದ ಟೆಂಪೊಗೆ ಹಿಂದಿನಿಂದ ಗುದ್ದಿತ್ತು. ನೋಡಲು ಬಂದವರೆಲ್ಲ ‘ಎಡಗೈ ಅಲ್ವಾ, ಸದ್ಯ’ ಎಂದು ಸಮಾಧಾನ ಹೇಳಿ ಹೋದರು. ಚಿಕ್ಕಮ್ಮ ರವಿಕೆ ಹೊಲಿದು ಬದುಕುವವಳು. ಮಿಷನ್ನಿನ ಮುಂದೆ ಕೂತವರಿಗೆ ಗೊತ್ತು, ಸೂಜಿಯ ಕೆಳಗೆ ಬಟ್ಟೆಯನ್ನು ಹಿಡಿದು ತಿರುಗಿಸಿ ಕತ್ತಿನ ಸುತ್ತು ತರುವುದು ಎಡಗೈಯೇ.

ಕೇಸು ಬೇಡವೆಂದು ನಾಲ್ಕು ದಿನ ಹಟ ಹಿಡಿದಳು. ‘ಪಾಪ ಕಣೋ, ಆಸ್ಪತ್ರೆಗೆ ಕರ್ಕೊಂಡು ಬಂದಿದ್ದೇ ಆ ಹುಡುಗ. ಅವನ ಮೇಲೆ ಕಂಪ್ಲೇಂಟ್ ಕೊಡ್ಲಾ?’ ದುಡ್ಡು ಕೊಡುವುದು ವಿಮೆ ಕಂಪನಿ, ಅವನಲ್ಲ ಎಂದು ವಕೀಲರು ಬಿಡಿಸಿ ಹೇಳಿದರು. ಆದರೂ ಎಫ್‌ಐಆರ್‌ನಲ್ಲಿ ಬರುವುದು ಅವನ ಹೆಸರೇ ತಾನೆ? ಆ ಹಿಂಜರಿಕೆ ದಡ್ಡತನವೆಂದು ನನಗೆ ಈಗಲೂ ಅನ್ನಿಸುವುದಿಲ್ಲ. ದೂರು ತಡವಾದರೆ ಎದುರು ಪಕ್ಷಕ್ಕೆ ಅದೇ ಒಂದು ಅಸ್ತ್ರವಂತೆ. ಹಾಗಾಗಿ ಆ ನಾಲ್ಕು ದಿನ ಆಸ್ಪತ್ರೆಯಲ್ಲಿದ್ದುದನ್ನು ದೂರಿನಲ್ಲೇ ಬರೆದೆವು. ದಾಖಲಾದ ದಿನವೇ ವೈದ್ಯರು ಎಂಎಲ್‌ಸಿ ಬರೆಸಿದ್ದು ಕೈಹಿಡಿಯಿತು.

ಆಮೇಲೆ ಕಾಗದ ಕೂಡಿಸುವ ಕೆಲಸ. ಎಫ್‌ಐಆರ್, ಸ್ಥಳ ಮಹಜರು, ವಾಹನ ತಪಾಸಣೆ ವರದಿ, ವೂಂಡ್ ಸರ್ಟಿಫಿಕೇಟ್, ಚಾರ್ಜ್‌ಶೀಟು, ಎಕ್ಸ್-ರೇ, ಔಷಧಿ ಅಂಗಡಿಯ ಚೀಟಿಗಳು. ಅವಳು ಅದೇ ಕಾರಿನಲ್ಲಿದ್ದಳು ಎನ್ನುವುದಕ್ಕೆ ಆಪ್‌ನ ಬಿಲ್ಲು: ಹತ್ತಿದ ಜಾಗ, ಹೊತ್ತು, ಕಾರಿನ ನಂಬರು. ಮೋಟಾರು ವಾಹನ ಕಾಯ್ದೆಗೆ ಬಂದ ತಿದ್ದುಪಡಿ 2022ರ ಏಪ್ರಿಲ್ 1ರಿಂದ ಜಾರಿಯಲ್ಲಿದ್ದು, ಅಪಘಾತವಾದ ಆರು ತಿಂಗಳೊಳಗೆ ಪರಿಹಾರದ ಅರ್ಜಿ ಹಾಕಬೇಕೆನ್ನುತ್ತದೆ. ಕೈಗೆ ಪ್ಲೇಟು ಹಾಕಿಸಿಕೊಂಡು ಮಲಗಿದವರಿಗೆ ಆರು ತಿಂಗಳು ಎಷ್ಟರದು!

ಇದೆಲ್ಲ ಓಡಾಡಿದರೆ ಸಿಗುವಂಥದ್ದು. ಸಿಗದೇ ಇದ್ದದ್ದು ವಕೀಲರು ಕೇಳಿದ ಇನ್ನೊಂದು: ‘ಇವರ ಆದಾಯಕ್ಕೆ ಏನಿದೆ?’

ಏನೂ ಇರಲಿಲ್ಲ. ಸಂಬಳದ ಚೀಟಿ ಇಲ್ಲ, ತೆರಿಗೆ ಕಟ್ಟಿದ ಕಾಗದ ಇಲ್ಲ, ಅಂಗಡಿಗೆ ಬೋರ್ಡೂ ಇಲ್ಲ. ಪುರಾವೆ ಇಲ್ಲದವರಿಗೆ ನ್ಯಾಯಮಂಡಳಿ ತಾನೇ ಒಂದು ಆದಾಯ ಅಂದಾಜು ಮಾಡುತ್ತದೆ. ಮೂವತ್ತು ವರ್ಷದ ಕಸುಬು ಯಾರದೋ ಅಂದಾಜಿನ ಒಂದು ಸಂಖ್ಯೆಯಾಗಿಬಿಡುತ್ತದಲ್ಲ ಎಂದು ನನಗೆ ಸಂಕಟವಾಯಿತು. ಚಿಕ್ಕಮ್ಮ ಮಾತ್ರ ಒಳಗೆ ಹೋಗಿ ಅಳತೆ ಪುಸ್ತಕ ತಂದು ವಕೀಲರ ಮುಂದಿಟ್ಟಳು. ಉದ್ದನೆಯ ಲೆಕ್ಕದ ಪುಸ್ತಕ. ಪುಟಕ್ಕೊಬ್ಬರ ಹೆಸರು, ಎದೆ, ಸೊಂಟ, ತೋಳು, ಬೆನ್ನಿನ ಆಳ. ಬಟ್ಟೆ ಕೊಟ್ಟ ತಾರೀಖು, ಹೊಲಿಗೆಯ ದರ, ಮುಟ್ಟಿದ್ದಕ್ಕೆ ಒಂದು ಟಿಕ್ಕು.

ನಾನು ಎರಡು ರಾತ್ರಿ ಕೂತು ಕೂಡಿದೆ. ತಿಂಗಳಿಗೆ 60ಕ್ಕೆ ಕಡಿಮೆಯಿಲ್ಲದಂತೆ ರವಿಕೆಗಳು, ಲೈನಿಂಗ್ ಸೇರಿ 350 ರೂಪಾಯಿಯಂತೆ. ಶ್ರಾವಣದಲ್ಲಿ ಇನ್ನೂ ಹೆಚ್ಚು. ಬಾಕಿ ಉಳಿಸಿಕೊಂಡವರ ಪಟ್ಟಿಯೂ ಸಿಕ್ಕಿತು. ಅದರಲ್ಲಿ ನಮ್ಮ ಮನೆಯವರೇ ಇಬ್ಬರಿದ್ದರು.

2010ರಲ್ಲಿ ಸುಪ್ರೀಂ ಕೋರ್ಟು ರಾಜ್ ಕುಮಾರ್ ಪ್ರಕರಣದಲ್ಲಿ ಹೇಳಿದ ಮಾತನ್ನು ವಕೀಲರು ವಿವರಿಸಿದರು. ಊನದ ಶೇಕಡವನ್ನೇ ಗಳಿಕೆಯ ನಷ್ಟದ ಶೇಕಡವೆಂದು ತಿಳಿಯಬಾರದು. ಎಡಗೈ ಹೋದ ಗುಮಾಸ್ತನ ಕೆಲಸ ಉಳಿಯಬಹುದು, ಎಡಗೈ ಹೋದ ಬಡಗಿಯದು ಉಳಿಯಲಿಕ್ಕಿಲ್ಲ. ಬಡಗಿಯ ಜಾಗದಲ್ಲಿ ದರ್ಜಿಯನ್ನು ಕೂರಿಸುವುದೇ ನಮ್ಮ ಕೇಸು.

ಪಾಟಿ ಸವಾಲಿನಲ್ಲಿ ವಿಮೆ ಕಂಪನಿಯ ವಕೀಲರು, ಪುಸ್ತಕವನ್ನು ಕೇಸಿಗೋಸ್ಕರ ಬರೆದದ್ದು ಎಂದರು. ‘ಸರ್, ಯಾವ ಪುಟ ಬೇಕಾದ್ರೂ ತೆಗೀರಿ, ಆ ಹೆಂಗಸು ಯಾರು, ಏನು ಹೊಲಿಸಿದ್ರು ಹೇಳ್ತೀನಿ’ ಎಂದಳು. ಅವರು ತೆಗೆಯಲಿಲ್ಲ. ‘ನೀವು ಬಲಗೈಯವರಲ್ಲವೇ?’ ಎಂದು ಕೇಳಿದರು. ‘ಕತ್ತರಿಗೆ ಬಲಗೈ’ ಎಂದಳು.

ತೀರ್ಪು ಇನ್ನೂ ಬಂದಿಲ್ಲ. ಪುಸ್ತಕ ನಿಶಾನೆಯಾಗಿ ಕೋರ್ಟಿನ ಕಡತದಲ್ಲಿದೆ. ಕೊಡುವ ಮೊದಲು ಚಿಕ್ಕಮ್ಮ ಅಷ್ಟೂ ಪುಟ ಜೆರಾಕ್ಸ್ ಮಾಡಿಸಿಕೊಂಡಿದ್ದಳು. ಈಗ ಪಕ್ಕದ ಮನೆಯ ಹುಡುಗಿಯನ್ನು ಮಿಷನ್ನಿಗೆ ಕೂರಿಸಿ, ತಾನು ಬಟ್ಟೆ ಕತ್ತರಿಸುತ್ತಾಳೆ. ಹಳೇ ಗಿರಾಕಿ ಬಂದರೆ ಆ ಜೆರಾಕ್ಸ್ ಕಟ್ಟು ಬಿಚ್ಚಿ, ‘ಸೊಂಟ ಅಷ್ಟೇ ಇದ್ಯಾ, ಹೆಚ್ಚಾಗಿದ್ಯಾ?’ ಎಂದು ಕೇಳುತ್ತಾಳೆ.